ಒಂಬತ್ತು ವರ್ಷದವಳ ಚಾಳೀಸ

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸ ಅನ್ನುತ್ತಾರೆ. ಮರಾಠಿಯ ಚಾಳಿಶಿಯೂ ಇದೇ ಮಾತು. ನಲವತ್ತು ಎಂಬ ಸಂಖ್ಯೆಯೇ ಇಲ್ಲಿ ವಸ್ತುವಿನ ಹೆಸರಾಗಿದೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ, ಆಗ ಮೂಗಿನ ಮೇಲೆ ಬಂದು ಕೂರುವುದು ಚಾಳೀಸ. ಮಕ್ಕಳಿಗೂ ಕನ್ನಡಕ ಬೇಕಾದೀತು ಎಂಬ ಯೋಚನೆ ಈ ಪದ ಕಟ್ಟಿದವರಿಗೆ ಇದ್ದಂತೆ ಕಾಣುವುದಿಲ್ಲ.

ಭಂಕೂರಿನ ನಮ್ಮ ಮನೆಯಲ್ಲಿ ಈಗ ಚಾಳೀಸ ಇರುವುದು ಇಬ್ಬರಿಗೆ. ಒಬ್ಬರು ನಮ್ಮವ್ವ. ಇನ್ನೊಬ್ಬಳು ಅಕ್ಕನ ಮಗಳು, ಒಂಬತ್ತು ವರ್ಷದವಳು. ಹೋದ ವರ್ಷ ಅವಳ ನಂಬರ್ ಮತ್ತೆ ಏರಿದಾಗ ಕಲಬುರಗಿಯ ಕಣ್ಣಿನ ಡಾಕ್ಟರೊಬ್ಬರು ಕನ್ನಡಕದ ಜೊತೆಗೆ ಒಂದು ಹನಿಯನ್ನೂ ಬರೆದುಕೊಟ್ಟರು: ದಿನಾ ರಾತ್ರಿ ಮಲಗುವ ಮುಂಚೆ, ಎರಡೂ ಕಣ್ಣಿಗೆ ಒಂದೊಂದು ಹನಿ. ಅವ್ವ ಕೇಳಿದಳು, "ಹನಿ ಹಾಕದ್ರ ಚಾಳೀಸ ಬಿಡ್ತದೇನ್ರಿ ಸಾಹೇಬ್ರ?" ಡಾಕ್ಟರು ನಕ್ಕರು. "ಬಿಡಂಗಿಲ್ರಿ. ಏರೋದು ನಿಧಾನ ಆಗ್ತದ, ಅಷ್ಟೇ."

ಸೀಸೆಯ ಮೇಲಿದ್ದ ಹೆಸರು ಅಟ್ರೊಪಿನ್ ಸಲ್ಫೇಟ್, ಶೇ. 0.01. ನನ್ನ ಸಂಶೋಧನೆಯ ವಿಷಯ ನಿಜಾಮರ ಕಾಲದ ನಮ್ಮ ಸೀಮೆಯ ಶಾಲೆಗಳು, ಔಷಧಿಗೂ ನನಗೂ ಸಂಬಂಧವಿಲ್ಲ. ಆದರೆ ಈ ಹೆಸರು ನನಗೆ ಹೊಸದಾಗಿರಲಿಲ್ಲ. ತೊಗರಿ, ಹತ್ತಿ ಬೆಳೆಯುವ ಊರುಗಳಲ್ಲಿ ಬೆಳೆದವರು ಇದನ್ನು ಬೇರೆ ದಾರಿಯಲ್ಲಿ ಕೇಳಿರುತ್ತಾರೆ. ಹೊಲದಲ್ಲಿ ಎಣ್ಣೆ ಹೊಡೆಯುವಾಗ ಆರ್ಗನೋಫಾಸ್ಫೇಟ್ ಜಾತಿಯ ವಿಷ ಮೈಗೇರಿದವರಿಗೆ ಆಸ್ಪತ್ರೆಯಲ್ಲಿ ಮೊದಲು ಚುಚ್ಚುವುದು ಅಟ್ರೊಪಿನ್. ಸಾಯುವವರನ್ನು ಉಳಿಸುವ ಔಷಧಿ ಮಗುವಿನ ಕಣ್ಣಿಗೆ ಯಾಕೆ ಬಂತು ಎಂದು ಹುಡುಕುತ್ತ ಹೋದೆ. ಕೊನೆಗೆ ಅದು ನನ್ನ ಶಾಲೆಗಳ ಕಡೆಗೇ ತಂದು ಬಿಟ್ಟಿತು.

ಅಟ್ರೊಪಿನ್ ಗಿಡದಿಂದ ಬರುವ ವಿಷ. ಯುರೋಪಿನಲ್ಲಿ ಅದರ ಮೂಲ ಬೆಲಡೋನ ಗಿಡ. ನಮ್ಮ ತಿಪ್ಪೆಯ ಮಗ್ಗುಲಲ್ಲಿ ಬೆಳೆಯುವ, ಶಿವನಿಗೆ ಏರಿಸುವ ದತ್ತೂರಿಯಲ್ಲೂ ಇದೇ ಕುಟುಂಬದ ವಿಷಗಳಿವೆ. (ದತ್ತೂರಿಯ ರಸವನ್ನು ಕಣ್ಣಿಗೆ ಹಾಕುವ ಸಾಹಸ ಯಾರೂ ಮಾಡಬಾರದು. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ, ಕುರುಡು ಹುಚ್ಚು ಎರಡೂ ಬಂದಾವು.) ಬೆಲಡೋನ ಎಂದರೆ ಇಟಾಲಿಯನ್ನಿನಲ್ಲಿ ಚೆಲುವೆ. ಅದರ ರಸ ಬಿಟ್ಟುಕೊಂಡರೆ ಕಣ್ಣಿನ ಪಾಪೆ ಅರಳಿ ಕಣ್ಣು ದೊಡ್ಡದಾಗಿ, ಕಪ್ಪಾಗಿ ಕಾಣುತ್ತದೆ, ಚೆಲುವೆಯರು ಅದಕ್ಕೇ ಬಳಸುತ್ತಿದ್ದರಂತೆ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಶಾಸ್ತ್ರೀಯ ಹೆಸರು ಕೊಡುವಾಗ ಚೆಲುವೆಯ ಹಿಂದೆ ಅಟ್ರೊಪಾ ಎಂದು ಸೇರಿಸಿದ. ಅಟ್ರೊಪಾಸ್ ಗ್ರೀಕರ ವಿಧಿದೇವತೆಯರಲ್ಲಿ ಒಬ್ಬಳು, ಬದುಕಿನ ನೂಲನ್ನು ಕತ್ತರಿಸುವವಳು.

1819ರಲ್ಲಿ ಫ್ರೀಡ್ಲಿಬ್ ರುಂಗೆ ಎಂಬ ಜರ್ಮನ್ ವಿದ್ಯಾರ್ಥಿ ಒಂದು ಬೆಕ್ಕನ್ನು ಹಿಡಿದುಕೊಂಡು ಕವಿ ಗಯಟೆಯ ಮುಂದೆ ಹೋಗಿ, ಬೆಲಡೋನದ ಸಾರ ಬಿದ್ದ ಅದರ ಕಣ್ಣಿನ ಪಾಪೆ ಹೇಗೆ ಅರಳುತ್ತದೆ ಎಂದು ತೋರಿಸಿದ. ಸಂತೋಷಪಟ್ಟ ಗಯಟೆ ಅವನಿಗೆ ಒಂದಿಷ್ಟು ಕಾಫಿಬೀಜ ಕೊಟ್ಟು, ಇದರಲ್ಲೇನಿದೆ ನೋಡು ಅಂದನಂತೆ. ಹಾಗೆ ರುಂಗೆ ಕೆಫೀನ್ ಬೇರ್ಪಡಿಸಿದ. ಅಟ್ರೊಪಿನ್ ಶುದ್ಧ ರೂಪದಲ್ಲಿ ಸಿಕ್ಕಿದ್ದು ಮುಂದೆ 1830ರ ದಶಕದಲ್ಲಿ. ಅಷ್ಟರಲ್ಲಿ ಅದು ಕಣ್ಣಿನ ವೈದ್ಯರ ಕೈಗೆ ಬಂದಿತ್ತು.

ಸಮೀಪದೃಷ್ಟಿ ಎಂದರೇನು ಎಂಬುದನ್ನು ಕೆಪ್ಲರ್ 17ನೇ ಶತಮಾನದ ಆರಂಭದಲ್ಲೇ ಹೇಳಿದ್ದ. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾರಣ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾಗುವುದು. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಅದಕ್ಕೆ ಒಂದು ಮಿಲಿಮೀಟರ್ ಹೆಚ್ಚಾದರೆ ನಂಬರ್ ಎರಡೂವರೆ ಮೂರರಷ್ಟು ಏರುತ್ತದೆ. ಬೆಳೆದ ಗುಡ್ಡೆ ಮತ್ತೆ ಕುಗ್ಗುವುದಿಲ್ಲ. ಡಾಕ್ಟರು ಅವ್ವನಿಗೆ ಬಿಡಂಗಿಲ್ಲ ಅಂದಿದ್ದು ಇದಕ್ಕೇ. ನಂಬರ್ ತೀರ ಏರಿದವರಿಗೆ ಮುಂದೆ ಅಕ್ಷಿಪಟಲ ಕಳಚುವ ಭಯವೂ ಇರುತ್ತದೆ. ಹಾಗಾಗಿ ಇದು ಬರೀ ಕನ್ನಡಕದ ದಪ್ಪದ ಪ್ರಶ್ನೆಯಲ್ಲ.

ಗುಡ್ಡೆ ಯಾಕೆ ಉದ್ದವಾಗುತ್ತದೆ? ಇಲ್ಲಿ ಶಾಲೆ ಬರುತ್ತದೆ. ಬ್ರೆಸ್ಲೌ ನಗರದ (ಈಗಿನ ಪೋಲೆಂಡಿನ ವ್ರೊತ್ಸ್ವಾಫ್) ವೈದ್ಯ ಹರ್ಮನ್ ಕೋನ್ 10,060 ಶಾಲಾಮಕ್ಕಳ ಕಣ್ಣು ಪರೀಕ್ಷಿಸಿ 1867ರಲ್ಲಿ ಲೆಕ್ಕ ಪ್ರಕಟಿಸಿದ. ಹಳ್ಳಿ ಶಾಲೆಗಳಲ್ಲಿ ಸಮೀಪದೃಷ್ಟಿಯ ಮಕ್ಕಳು ನೂರಕ್ಕೆ ಇಬ್ಬರೂ ಇರಲಿಲ್ಲ. ಮೇಲಿನ ದರ್ಜೆಯ ಶಾಲೆಗಳಾದ ಜಿಮ್ನೇಷಿಯಂಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು. ತರಗತಿ ಏರಿದಂತೆ ನಂಬರ್ ಏರುತ್ತಿತ್ತು. ಕೋನ್ ಬೆಂಚಿನ ಎತ್ತರ, ಕಿಟಕಿಯ ಬೆಳಕು, ಅಕ್ಷರದ ಗಾತ್ರಗಳ ಮೇಲೆ ವರ್ಷಗಟ್ಟಲೆ ಬರೆದ. ಶಾಲಾಚರಿತ್ರೆ ಓದುವ ನನಗೆ ಆ ಕೋಷ್ಟಕಗಳು ಬೆರಗು ಹುಟ್ಟಿಸುತ್ತವೆ: ಕಲಿಕೆ ಮೈಮೇಲೆ ಬಿಟ್ಟ ಗುರುತನ್ನು ಅಳೆಯಬಹುದು ಎಂದು ತೋರಿಸಿದ ಮೊದಲಿಗರಲ್ಲಿ ಅವನೊಬ್ಬ. 2018ರಲ್ಲಿ ಬ್ರಿಟನ್ನಿನ ಬಯೋಬ್ಯಾಂಕ್ ಮಾಹಿತಿಯಿಂದ ನಡೆದ ಅಧ್ಯಯನ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿತು. ಓದಿನ ಪ್ರತಿ ಹೆಚ್ಚುವರಿ ವರ್ಷಕ್ಕೆ ಸರಾಸರಿ 0.27 ಡಯಾಪ್ಟರ್ ಸಮೀಪದೃಷ್ಟಿ.

ಆ ಕಾಲದ ವೈದ್ಯರ ತರ್ಕ ಸರಳವಾಗಿತ್ತು. ಹತ್ತಿರದ್ದನ್ನು ನೋಡಲು ಕಣ್ಣೊಳಗಿನ ಸ್ನಾಯು ಬಿಗಿಯಬೇಕು, ಸದಾ ಬಿಗಿದದ್ದರಿಂದ ರೋಗ ಬಂತು, ಅಟ್ರೊಪಿನ್ ಹಾಕಿದರೆ ಸ್ನಾಯು ಸಡಿಲವಾಗುತ್ತದೆ. ಹಾಗೆ 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಮಕ್ಕಳ ಕಣ್ಣಿಗೆ ಈ ಹನಿ ವಾರಗಟ್ಟಲೆ ಬಿತ್ತು. ಬಿದ್ದ ಮೇಲೆ ಆಗುವುದೇನು? ಪಾಪೆ ಅಗಲವಾಗಿ ತೆರೆದು ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಓದಿನಿಂದ ಬಂದ ದೋಷಕ್ಕೆ ಓದನ್ನೇ ಕಸಿಯುವ ಮದ್ದು. 1970ರ ದಶಕದಲ್ಲಿ ಅಮೆರಿಕದ ಬೆಡ್ರೋಸಿಯನ್ ಒಂದು ವರ್ಷ ಮಕ್ಕಳ ಒಂದು ಕಣ್ಣಿಗೆ, ಮರುವರ್ಷ ಇನ್ನೊಂದಕ್ಕೆ ಶೇ. 1ರ ಹನಿ ಹಾಕಿ, ಹನಿ ಬಿದ್ದ ವರ್ಷ ನಂಬರ್ ನಿಲ್ಲುತ್ತದೆ ಎಂದು ತೋರಿಸಿದ. ಮದ್ದು ನಾಟುತ್ತದೆ ಎಂಬುದರಲ್ಲಿ ಅನುಮಾನ ಕಡಿಮೆಯಾಯಿತು. ಅದನ್ನು ಹಾಕಿಕೊಂಡು ಮಗು ಬದುಕುವುದು ಹೇಗೆ ಎಂಬುದೇ ಕಷ್ಟ.

ಇದನ್ನು ಓದುವಾಗ ನನ್ನ ಕಣ್ಣ ಮುಂದಿದ್ದದ್ದು ಶಹಾಬಾದ್ ಕಲ್ಲಿನ ಗಣಿಗಳು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಂಡೆ, ಹಾಸುಗಲ್ಲು, ಸಿಮೆಂಟಿನ ಧೂಳು ಕೂತ ರಸ್ತೆ, ಎಲ್ಲವೂ ಬೆಳಕನ್ನು ಮುಖಕ್ಕೇ ಎರಚುತ್ತವೆ. ಶೇ. 1ರ ಅಟ್ರೊಪಿನ್ ಬಿದ್ದ ಮಗು ಭಂಕೂರಿನ ಮಧ್ಯಾಹ್ನದಲ್ಲಿ ಮನೆ ಬಿಟ್ಟು ಹೊರಗೆ ಬರಲಾರದು.

ಸ್ನಾಯುವಿನ ತರ್ಕವನ್ನು ಬೀಳಿಸಿದ್ದು ಕೋಳಿಮರಿ. ಕೋಳಿಮರಿಯ ಕಣ್ಣಿನ ಆ ಸ್ನಾಯು ನಮ್ಮದರಂತಲ್ಲ, ಅಟ್ರೊಪಿನ್ನಿಗೆ ಬಗ್ಗುವುದೇ ಇಲ್ಲ. ಆದರೂ 1993ರಲ್ಲಿ ಮೆಕ್‌ಬ್ರಯನ್ ಮತ್ತು ಸಂಗಡಿಗರು ಅಟ್ರೊಪಿನ್ ಕೊಟ್ಟಾಗ ಮರಿಗಳ ಗುಡ್ಡೆ ಉದ್ದವಾಗುವುದು ಕಡಿಮೆಯಾಯಿತು. ಅಂದರೆ ಮದ್ದು ಕೆಲಸ ಮಾಡುವುದು ಸ್ನಾಯುವನ್ನು ಸಡಿಲಿಸಿ ಅಲ್ಲ, ಗುಡ್ಡೆಯ ಬೆಳವಣಿಗೆಯ ಸಂಕೇತಗಳನ್ನೇ ಎಲ್ಲೋ ತಡೆದು. ಎಲ್ಲಿ ಎಂಬುದು ಇನ್ನೂ ಪೂರ್ತಿ ಬಿಡಿಸದ ಗಂಟು. ಆದರೆ ಇದರಿಂದ ಒಂದು ದಾರಿ ತೆರೆಯಿತು. ಸ್ನಾಯುವನ್ನು ಮಲಗಿಸುವುದು ಬೇಕಿಲ್ಲವಾದರೆ ಅಷ್ಟು ಗಟ್ಟಿ ಹನಿಯೂ ಬೇಕಿಲ್ಲವೇನೋ.

ಸಿಂಗಪುರದ ಮೊದಲ ಪ್ರಯೋಗದ ಫಲ 2006ರಲ್ಲಿ ಬಂತು. 6ರಿಂದ 12 ವರ್ಷದ 400 ಮಕ್ಕಳು, ಶೇ. 1ರ ಹನಿ. ಎರಡು ವರ್ಷದಲ್ಲಿ ಹನಿ ಬಿದ್ದ ಕಣ್ಣುಗಳ ನಂಬರ್ ಸರಾಸರಿ 0.28 ಏರಿದರೆ ಸುಳ್ಳು ಹನಿಯ ಕಣ್ಣುಗಳದ್ದು 1.20. ಎರಡನೆಯ ಪ್ರಯೋಗ 2012ರದ್ದು, ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ಸ್ವಾರಸ್ಯದ್ದು ಇಲ್ಲ. ಮತ್ತೆ 400 ಮಕ್ಕಳು, ಮೂರು ಗುಂಪು: ಶೇ. 0.5, 0.1, 0.01. ಕೊನೆಯದರಿಂದ ಹೆಚ್ಚೇನೂ ಆಗಲಾರದು, ಹೋಲಿಕೆಗೆ ಇರಲಿ ಎಂದುಕೊಂಡೇ ಸೇರಿಸಿದ್ದರು. ಲೀಟರ್ ನೀರಿಗೆ ಗ್ರಾಮಿನ ಹತ್ತನೇ ಒಂದು ಭಾಗ, ಅಷ್ಟು ತೆಳು. ಎರಡು ವರ್ಷಕ್ಕೆ ಏರಿಕೆ ಕ್ರಮವಾಗಿ 0.30, 0.38, 0.49. ತೆಳು ಹನಿ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಆಮೇಲೆ ಒಂದು ವರ್ಷ ಎಲ್ಲರಿಗೂ ಹನಿ ನಿಲ್ಲಿಸಿದರು. ಆಗ ಗಟ್ಟಿ ಹನಿಯ ಮಕ್ಕಳ ನಂಬರ್ ತಡೆದ ನೀರು ನುಗ್ಗಿದಂತೆ 0.87 ಏರಿತು, ತೆಳು ಹನಿಯವರದ್ದು 0.28 ಮಾತ್ರ. ತೆಳು ಹನಿಯ ಮಕ್ಕಳು ಬಿಸಿಲಿಗೆ ಹೋಗಬಲ್ಲವರಾಗಿದ್ದರು, ಓದಬಲ್ಲವರಾಗಿದ್ದರು. ನೂರು ಪಟ್ಟು ನೀರು ಬೆರೆಸಿದ ಮದ್ದು ಹೀಗೆ ಜಗತ್ತಿನ ಮಕ್ಕಳ ದಿಂಬಿನ ಪಕ್ಕ ಬಂತು.

ಭಾರತದಲ್ಲಿ ಇದೇ ತೆಳು ಹನಿಯನ್ನು 6ರಿಂದ 14 ವರ್ಷದ 100 ಮಕ್ಕಳಲ್ಲಿ ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷಕ್ಕೆ ಏರಿಕೆ ಹನಿಯವರಲ್ಲಿ 0.16, ಉಳಿದವರಲ್ಲಿ 0.35. ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹಾಂಗ್‌ಕಾಂಗಿನ 438 ಮಕ್ಕಳ ಅಧ್ಯಯನದಲ್ಲಿ ಶೇ. 0.01ರ ಫಲ ಅಷ್ಟಕ್ಕಷ್ಟೇ, ಶೇ. 0.05 ಎಲ್ಲಕ್ಕಿಂತ ಮೇಲು ಅನಿಸಿತು. 2023ರಲ್ಲಿ ಅಮೆರಿಕದ 187 ಮಕ್ಕಳಲ್ಲಿ ಶೇ. 0.01ಕ್ಕೂ ಸುಳ್ಳು ಹನಿಗೂ ವ್ಯತ್ಯಾಸವೇ ಕಾಣಲಿಲ್ಲ. ಸಿಂಗಪುರದ ಎರಡನೆಯ ಪ್ರಯೋಗದಲ್ಲಿ ಸುಳ್ಳು ಹನಿಯ ಗುಂಪೇ ಇರಲಿಲ್ಲ, ನಂಬರ್ ನಿಧಾನವಾದರೂ ಗುಡ್ಡೆಯ ಉದ್ದ ಅಷ್ಟು ನಿಧಾನವಾಗಿರಲಿಲ್ಲ ಎಂಬ ಟೀಕೆಗೂ ಬಲ ಬಂತು. ಒಂದೇ ಹನಿ ಒಂದು ಕಡೆ ಮದ್ದು, ಇನ್ನೊಂದು ಕಡೆ ಬರೀ ನೀರು. ಮಕ್ಕಳ ವಂಶ, ಕಣ್ಣಿನ ಬಣ್ಣ, ಓದಿನ ಹೊರೆ, ಹನಿ ತಯಾರಾದ ಬಗೆ, ಇವುಗಳಲ್ಲಿ ಯಾವುದು ಕಾರಣ ಎಂಬ ಚರ್ಚೆ ನಡೆದೇ ಇದೆ. ಡಾಕ್ಟರು ಆರು ತಿಂಗಳಿಗೊಮ್ಮೆ ಬಂದು ಅಳತೆ ತೋರಿಸಿ ಎಂದು ಯಾಕೆ ಒತ್ತಿ ಹೇಳಿದರು ಎಂದು ನನಗೆ ಅರ್ಥವಾದದ್ದು ಇಷ್ಟು ಓದಿದ ಮೇಲೆ. ಈ ಹನಿಯನ್ನು ಅಂಗಡಿಯಿಂದ ತಂದು ಹಾಕುತ್ತ ಕೂರುವಂತಿಲ್ಲ, ಪ್ರತಿ ಮಗುವಿನಲ್ಲೂ ಅದು ನಾಟಿತೇ ಎಂದು ಅಳೆದೇ ನೋಡಬೇಕು.

ಅಳೆಯುವವರು ಯಾರು? ನನ್ನ ಅಧ್ಯಯನದ ಊರುಗಳಲ್ಲಿ ನಿಜಾಮರ ಕಾಲದ ಸರ್ಕಾರಿ ಶಾಲೆ ಉರ್ದುವಿನಲ್ಲಿ ಕಲಿಸುತ್ತಿತ್ತು, ಮನೆಯಲ್ಲಿ ಕನ್ನಡ ಆಡುವ ಬಹುಪಾಲು ಮಕ್ಕಳು ಅದರ ಹೊಸಿಲು ತುಳಿಯಲಿಲ್ಲ. ಕೋನನ ಕೋಷ್ಟಕದ ಹಳ್ಳಿ ಮಕ್ಕಳಂತೆ ಅವರ ಕಣ್ಣು ಉಳಿದಿದ್ದರೆ ಅದು ಅಕ್ಷರವಿಲ್ಲದ್ದರ ಲಾಭ, ಅಂಥ ಲಾಭ ಯಾರಿಗೂ ಬೇಡ. ಈಗ ಶಾಲೆ ಎಲ್ಲ ಕಡೆ ಇದೆ, 371(ಜೆ) ಇದೆ. 2025ರ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕಲಬುರಗಿ ಕೊನೆಗೆ ನಿಂತದ್ದರಿಂದ ಇನ್ನಷ್ಟು ಓದಿಸಿ, ಇನ್ನಷ್ಟು ಟ್ಯೂಷನ್ ಹಾಕಿ ಎಂಬ ಒತ್ತಾಯವೂ ಇದೆ. ಬೋರ್ಡು ಕಾಣದ ಮಗುವನ್ನು ದಡ್ಡ ಎಂದು ಹಿಂದಿನ ಸಾಲಿಗೆ ಕಳಿಸುವುದೂ ಇದೆ. ಹಿಂದಿನ ಸಾಲಿನಿಂದ ಬೋರ್ಡು ಇನ್ನೂ ಕಾಣುವುದಿಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶಾಲೆಗೆ ಬಂದು ದೃಷ್ಟಿದೋಷವನ್ನೂ ನೋಡುತ್ತದೆ. ರಾಜ್ಯದ ಆಶಾಕಿರಣ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಕಲಬುರಗಿಯೂ ಇತ್ತು, ಮನೆಮನೆಗೆ ಬಂದು ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ಯೋಜನೆ ಅದು. ಮೊದಲು ಬೇಕಾದ್ದು ಇದೇ, ಹನಿ ಕನ್ನಡಕದ ಬದಲಿಗಲ್ಲ. ಆದರೆ ಹನಿ ಕೇಳುವುದು ಬೇರೆ ಬಗೆಯ ಆರೈಕೆ. ತಿಂಗಳು ತಿಂಗಳು ಸೀಸೆಯ ಖರ್ಚು, ವರ್ಷಕ್ಕೆರಡು ಬಾರಿ ಕೂಲಿ ಬಿಟ್ಟು ಕಲಬುರಗಿಯ ಬಸ್ಸು, ಅದೂ ಎಷ್ಟೋ ವರ್ಷ. ಅಕ್ಕನಿಗೆ ಅದು ಸಾಧ್ಯವಾಗಿದೆ. ಅವಳ ಓಣಿಯಲ್ಲಿ ಎಷ್ಟು ಜನಕ್ಕೆ ಸಾಧ್ಯವಾದೀತು?

ಖರ್ಚಿಲ್ಲದ ಮದ್ದೊಂದು ಉಂಟು. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಾಂಗಣದ ಒಂದು ಪೀರಿಯಡ್ ಹೆಚ್ಚು ಮಾಡಿ ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಬಯಲಿನ ಬೆಳಕು ಗುಡ್ಡೆಯನ್ನು ಕಾಯುತ್ತದೆ. ನಮ್ಮಲ್ಲಿ ಬೆಳಕಿಗೇನೂ ಬರವಿಲ್ಲ. ಅಕ್ಕನ ಮಗಳಿಗೆ ಡಾಕ್ಟರು ದಿನಕ್ಕೆ ಎರಡು ತಾಸು ಹೊರಗೆ ಆಡಲಿ ಎಂದೂ ಹೇಳಿದ್ದರು, ಚೀಟಿಯಲ್ಲಿ ಬರೆದಿರಲಿಲ್ಲ. ಹನಿ ಒಂದು ರಾತ್ರಿಯೂ ತಪ್ಪಿಲ್ಲ. ಆ ಎರಡು ತಾಸು ಮಾತ್ರ ಟ್ಯೂಷನ್ನಿಗೆ ಹೋಗಿದೆ, ಸಂಜೆ ಐದರಿಂದ ಏಳು.