ಕಲ್ಲಿನ ವಿಳಾಸ

1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಮಸ್ಕಿಯ ಗುಡ್ಡಗಳಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ. ಹೈದರಾಬಾದಿನ ನಿಜಾಮ ಸರ್ಕಾರದ ಚಿನ್ನದ ಗಣಿಯ ಕೆಲಸ ಅವನದು. ಬಂಡೆಯೊಂದರ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಬ್ರಾಹ್ಮಿ ಅಕ್ಷರಗಳು. ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು 1837ರಲ್ಲೇ ಓದಿ ಮುಗಿಸಿದ್ದ. ಆದರೆ ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಅವನೇ ಅಶೋಕ ಎನ್ನುವುದಕ್ಕೆ ಸಿಂಹಳದ ಪಾಳಿ ಗ್ರಂಥಗಳನ್ನು ನಂಬಬೇಕಿತ್ತು. ಮಸ್ಕಿಯ ಬಂಡೆ ಅಶೋಕನ ಹೆಸರನ್ನೇ ಹೇಳಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿದ್ದು ಬಹಳ ವರ್ಷಗಳ ನಂತರ.

ಇದಾದ ಹದಿನಾರು ವರ್ಷಕ್ಕೆ, 1931ರಲ್ಲಿ, ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿಯವರು ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಇನ್ನೆರಡು ಶಾಸನಗಳನ್ನು ಗುರುತಿಸಿದರು. ಮರುವರ್ಷ ಆರ್.ಎಲ್. ಟರ್ನರ್ ಅವನ್ನು ಸಂಪಾದಿಸಿ ಪ್ರಕಟಿಸಿದರು. ಕೊಪ್ಪಳದ ಜನ ಆ ಬಂಡೆಗಳನ್ನು ನೋಡುತ್ತಲೇ ಬೆಳೆದವರು. ಎರಡು ದೊಡ್ಡ ಗುಂಡುಗಳ ಮೇಲೆ ಚಪ್ಪಟೆ ಬಂಡೆಯೊಂದು ಪಲ್ಲಕ್ಕಿಯ ಹಾಗೆ ಕೂತಿದೆ ಎಂದು ಪಾಲ್ಕಿಗುಂಡು ಎಂಬ ಹೆಸರನ್ನೂ ಇಟ್ಟಿದ್ದರು. ಅಂದರೆ ಜಾಗಕ್ಕೆ ವಿಳಾಸ ಮೊದಲೇ ಇತ್ತು, ಅಲ್ಲಿ ಏನಿದೆ ಎನ್ನುವುದು ಮಾತ್ರ ಆಮೇಲೆ ತಿಳಿಯಿತು.

ತುಂಗಭದ್ರೆಯ ಎಡದಂಡೆಯ ಊರುಗಳ ದಾನಶಾಸನಗಳು ಮತ್ತು ಗಡಿಕಲ್ಲುಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಕ್ಷೇತ್ರಕಾರ್ಯದಲ್ಲಿ ನನಗೆ ಅತಿ ಹೆಚ್ಚು ಕಲ್ಲು ತೋರಿಸಿದವರು ಗಂಗಾವತಿಯ ನಮ್ಮ ಸೋದರಮಾವ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಇತಿಹಾಸದ ಪದವಿ ಇಲ್ಲ. ಅರವತ್ತೊಂದನೇ ವಯಸ್ಸಿನಲ್ಲಿ ವಿದೇಶದಲ್ಲಿರುವ ಮಗಳ ಮನೆಗೆ ಹೋದಾಗ ಅವಳು ಜಿಯೋಕ್ಯಾಶಿಂಗ್ ಎಂಬ ಆಟ ಕಲಿಸಿದಳು. ಫೋನಿನಲ್ಲಿ ಅಕ್ಷಾಂಶ ರೇಖಾಂಶ ನೋಡಿಕೊಂಡು ಪಾರ್ಕಿನೊಳಗೆ ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಹುಡುಕಿ ತೆಗೆದು, ಅದರೊಳಗಿನ ಪುಸ್ತಕದಲ್ಲಿ ಕನ್ನಡದಲ್ಲಿ ಸಹಿ ಮಾಡಿ ಬಂದರಂತೆ. ಊರಿಗೆ ಮರಳಿದ ಮೇಲೆ ಮೊಣಕಾಲಿಗೆ ನಡಿಗೆ ಬೇಕು ಎಂದು ಡಾಕ್ಟರು ಹೇಳಿದ್ದೂ, ನಾನು ಶಾಸನ ಸಂಪುಟಗಳನ್ನು ಅವರ ಮನೆಯಲ್ಲಿ ಹರವಿಕೊಂಡು ಕೂತಿದ್ದೂ ಒಂದೇ ಕಾಲಕ್ಕೆ ಕೂಡಿಬಂತು.

ಆ ಆಟದ ಚರಿತ್ರೆ ಚಿಕ್ಕದು. ಅಮೆರಿಕದ ಸೇನೆಯ ಜಿಪಿಎಸ್ ಸಂಕೇತವನ್ನು ಸಾರ್ವಜನಿಕರಿಗೆ ಕೊಡುವಾಗ ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಮರುದಿನವೇ ಡೇವ್ ಅಲ್ಮರ್ ಎಂಬಾತ ಒರೆಗಾನ್ ರಾಜ್ಯದ ಕಾಡಿನ ಅಂಚಿನಲ್ಲಿ ಕಪ್ಪು ಬಕೆಟ್ಟೊಂದನ್ನು ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ. ಮೂರು ದಿನದೊಳಗೆ ಅದು ಸಿಕ್ಕಿತು. ಆಟದ ಬೀಜ ಇನ್ನೂ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿ ತೋರಿಸುವವನು ಕ್ರ್ಯಾನ್ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟಿದ್ದ. ಅಲ್ಲಿಯವರೆಗೆ ನಡೆದುಬಂದವರು ತಮ್ಮ ಹೆಸರಿನ ಚೀಟಿ ಹಾಕಿ ಹೋಗುತ್ತಿದ್ದರು. 2004ರಿಂದ ಅಮೆರಿಕದ ಭೂವಿಜ್ಞಾನ ಸಂಘದವರು ಅರ್ತ್‌ಕ್ಯಾಶ್ ಎಂಬ ಇನ್ನೊಂದು ಬಗೆಯನ್ನು ಸೇರಿಸಿದರು. ಅದರಲ್ಲಿ ಡಬ್ಬಿಯೇ ಇಲ್ಲ. ಜಾಗಕ್ಕೆ ಹೋಗಿ ಅಲ್ಲಿನ ಕಲ್ಲು ಮಣ್ಣನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಬರೆದರೆ ಆಯಿತು. ಮಾವ ಗಂಗಾವತಿಯಲ್ಲಿ ಆಡತೊಡಗಿದ್ದು ಇದನ್ನೇ, ಹೆಸರು ಮಾತ್ರ ಗೊತ್ತಿರಲಿಲ್ಲ.

ಇಲ್ಲಿ ಡಬ್ಬಿ ಅಡಗಿಸುವವರು ಬೇಕಿಲ್ಲ, ಸುಳಿವುಗಳು ಒಂಬೈನೂರು ವರ್ಷದ ಹಿಂದೆಯೇ ಬರೆದಿಟ್ಟಿವೆ. ಕಲ್ಯಾಣ ಚಾಲುಕ್ಯರ ಕಾಲದ ಯಾವ ದಾನಶಾಸನವನ್ನಾದರೂ ತೆಗೆಯಿರಿ. ಮೊದಲು ರಾಜನ ಬಿರುದು, ಆಮೇಲೆ ಮಹಾಮಂಡಲೇಶ್ವರನ ಬಿರುದು, ದಾನ ಕೊಟ್ಟವನು, ಪಡೆದ ದೇವರು ಅಥವಾ ಆಚಾರ್ಯ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಷ್ಟು ಓದಿ ಬಿಟ್ಟುಬಿಡುತ್ತಾರೆ. ಕೊನೆಗೆ ಬರುವ ಸೀಮೆಯ ಭಾಗ ನೀರಸ ಎಂದು ಎಲ್ಲರ ಅಭಿಪ್ರಾಯ. ನನ್ನ ಪ್ರಕಾರ ಜೀವ ಇರುವುದು ಅಲ್ಲೇ. ದಿಕ್ಕು ಹಿಡಿದು ಹೊರಟು ಪ್ರದಕ್ಷಿಣೆಯಾಗಿ ಹೊಲವನ್ನು ಸುತ್ತುತ್ತಾರೆ: ಇಂಥ ಕಡೆ ಹುಣಸೆ ಮರ, ಅಲ್ಲಿಂದ ಹುತ್ತ, ಅಲ್ಲಿಂದ ಎರಡು ಹಳ್ಳ ಕೂಡುವ ಜಾಗ, ಜೋಡುಗುಂಡು, ನಟ್ಟ ಕಲ್ಲು. ಎಷ್ಟು ಮತ್ತರು, ಯಾವ ಗಳೆಯಲ್ಲಿ ಅಳೆದದ್ದು ಎಂಬುದೂ ಇರುತ್ತದೆ. ಬರೆದವನು ಆ ಹೊಲದಲ್ಲಿ ಕಾಲಿಟ್ಟು ನಡೆದಿದ್ದಾನೆ ಎನ್ನುವುದು ಓದುವಾಗಲೇ ಗೊತ್ತಾಗುತ್ತದೆ.

ಅಂಥ ಒಂದು ಸೀಮೆಯನ್ನು ನಾವಿಬ್ಬರು ನಾಲ್ಕು ಭಾನುವಾರ ನಡೆದೆವು. ಊರಿನ ಹೆಸರು ಹೇಳುವುದಿಲ್ಲ, ಕಾರಣ ಮುಂದೆ ಬರುತ್ತದೆ. ಹುಣಸೆ ಮರ ಇರಲಿಲ್ಲ, ಇರುವುದು ಸಾಧ್ಯವೂ ಇಲ್ಲ. ಹುತ್ತ ಇದ್ದಿರಬಹುದಾದ ದಿಕ್ಕಿನಲ್ಲಿ ನಾಗರಕಟ್ಟೆ ಇತ್ತು. ಅದೇ ಜಾಗ ಎಂದು ನಾನು ಪ್ರಬಂಧದಲ್ಲಿ ಬರೆಯಲಾರೆ, ಮಾವನಿಗೆ ಮಾತ್ರ ಸಂಶಯವೇ ಇಲ್ಲ. ಹಳ್ಳ ಕೂಡುವಲ್ಲಿಗೆ ಹೋದಾಗ ಅವರು ಫೋನಿನ ಜಿಪಿಎಸ್‌ನಿಂದ ಮೂರು ಬಿಂದು ಗುರುತು ಮಾಡಿ, ತ್ರಿಕೋನ ಬರೆದು, ನಾಲ್ಕನೆಯದು ಎಲ್ಲಿರಬೇಕು ಎಂದು ಲೆಕ್ಕ ಹಾಕಿದರು. ಲೆಕ್ಕ ತೋರಿಸಿದ ಕಡೆ ಗದ್ದೆ. 1953ರಲ್ಲಿ ತುಂಗಭದ್ರೆ ಜಲಾಶಯದ ನೀರು ಹರಿದ ಮೇಲೆ ಈ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರು ನಿಲ್ಲಬೇಕಾದರೆ ನೆಲ ಮಟ್ಟವಾಗಬೇಕು. ಮಟ್ಟ ಮಾಡುವಾಗ ಅಡ್ಡ ಬಂದ ಕಲ್ಲು ಬದುವಿಗೆ ಹೋಗುತ್ತದೆ. ನಾವು ಬದುಗುಂಟ ನಡೆದೆವು. ಮೂರನೆಯ ಬದುವಿನಲ್ಲಿ ಕಾಲುವೆಯ ತೂಬಿಗೆ ಆನಿಸಿಟ್ಟಿದ್ದ ಕಲ್ಲಿನ ಮೇಲೆ ಲಿಂಗ, ಅದರ ಎರಡು ಕಡೆ ಸೂರ್ಯ ಚಂದ್ರ. ಗಡಿಕಲ್ಲು.

ಕುರಿ ಕಾಯುವವರೊಬ್ಬರು ಆಗಿನಿಂದ ನಮ್ಮನ್ನೇ ನೋಡುತ್ತಿದ್ದರು. ಹತ್ತಿರ ಬಂದು, "ಏನ್ ಹುಡುಕಾಕತ್ತೀರಿ ಸರ, ನಿಧಿ ಐತೇನ್ರಿ?" ಎಂದರು.

"ಐತಪಾ. ಆದ್ರ ಎತ್ತಾಕ ಬರೂದಿಲ್ಲ" ಎಂದರು ಮಾವ.

ಆ ಪ್ರಶ್ನೆ ಎಲ್ಲ ಊರಲ್ಲೂ ಬರುತ್ತದೆ, ಅದು ಬರಿಯ ತಮಾಷೆಯಲ್ಲ. ಕಲ್ಲಿನ ಮೇಲೆ ಸೂರ್ಯ ಚಂದ್ರ ಕೆತ್ತುವುದಕ್ಕೆ ಅರ್ಥ, ಅವರಿರುವ ತನಕ ಈ ದಾನ ನಡೆಯಲಿ ಎಂದು. ನಿಧಿಗಳ್ಳರ ಲೆಕ್ಕದಲ್ಲಿ ಅದೇ ಗುರುತು ಅಡಿಯಲ್ಲಿ ಕೊಪ್ಪರಿಗೆ ಇದೆ ಎಂಬುದಕ್ಕೆ ಸಾಕ್ಷಿ. ಅಮಾವಾಸ್ಯೆಯ ರಾತ್ರಿ ಅಗೆದ ಗುಂಡಿ, ಪಕ್ಕದಲ್ಲಿ ನಿಂಬೆಹಣ್ಣು ಕುಂಕುಮ, ಮಗುಚಿಬಿದ್ದ ವೀರಗಲ್ಲು: ಉತ್ತರ ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ಮಾಡಿದ ಯಾರನ್ನು ಕೇಳಿದರೂ ಈ ದೃಶ್ಯ ಹೇಳುತ್ತಾರೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದೊಳಗೆ ಸಿಕ್ಕ ಹತ್ತು ರೂಪಾಯಿಗೆ ಮೇಲ್ಪಟ್ಟ ಯಾವುದೇ ವಸ್ತುವನ್ನು ಕಲೆಕ್ಟರಿಗೆ ತಿಳಿಸಬೇಕು. ಅಗೆಯುವವರಿಗೆ ಇದು ಗೊತ್ತಿಲ್ಲ ಎಂದಲ್ಲ, ಅದಕ್ಕೇ ಅಮಾವಾಸ್ಯೆ ಬೇಕಾಗುವುದು.

ಗಂಗಾವತಿಗೆ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಹಿರೇಬೆಣಕಲ್ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿಯ ಮೋರ್ಯರ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಲುಮನೆಗಳು. ಹೆಚ್ಚಿನವು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದವು. ಹತ್ತಿರದಲ್ಲೇ ಎತ್ತರದ ಗುಂಡಿನ ಮೇಲೆ ನಗಾರಿಯ ಆಕಾರದ ಕಲ್ಲಿದೆ, ಬಡಿದರೆ ದೂರದ ತನಕ ಕೇಳುತ್ತದೆ. ಮೋರ್ಯರು ಮೂರು ಮೊಳದ ಕುಳ್ಳರು, ಬೆಂಕಿಯ ಮಳೆಗೆ ಸತ್ತರು ಎಂಬುದು ಜನರ ಕತೆ. ಈ ಜಾಗದ ಬಗ್ಗೆ ಮೊದಲು ಬರೆದವನು ಫಿಲಿಪ್ ಮೆಡೋಸ್ ಟೇಲರ್, ನೋಡಿದ್ದು 1835ರಲ್ಲಿ. ಆಗ ಅವನಿಗೆ ಇಪ್ಪತ್ತೇಳರ ಆಸುಪಾಸು, ಈಗಿನ ನನ್ನ ವಯಸ್ಸು. (ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.) ಸುಮಾರು ನೂರು ವರ್ಷದ ನಂತರ ನಿಜಾಮ ಸರ್ಕಾರದ ಭೂವಿಜ್ಞಾನಿ ಲಿಯೊನಾರ್ಡ್ ಮನ್ ಇಲ್ಲಿ ಸರ್ವೇ ಮಾಡಿದ. 2021ರಲ್ಲಿ ಈ ನೆಲೆ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಮಣಿ, ಕಬ್ಬಿಣ, ಮೂಳೆ. ಆದರೂ ಗುಡ್ಡದ ಮೇಲೆ ನಿಧಿಯ ಆಸೆಗೆ ಕೆಡವಿದ ಕಲ್ಲುಮನೆಗಳಿವೆ.

ಇಲ್ಲಿಂದಲೇ ನಮ್ಮ ಮನೆಯ ಜಗಳ. ಪ್ರತಿ ಕಲ್ಲಿನ ಅಕ್ಷಾಂಶ ರೇಖಾಂಶ ಅನುಬಂಧದಲ್ಲಿ ಇರಲೇಬೇಕು ಎಂಬುದು ನನ್ನ ಮಾರ್ಗದರ್ಶಕರ ಮಾತು. ಅವರು ಹೇಳುವುದು ನ್ಯಾಯ. ಬೇರೆಯವರು ಹೋಗಿ ನೋಡಿ ಸರಿ ತಪ್ಪು ಹೇಳಲು ಬರುವಂತಿರಬೇಕು, ಇಲ್ಲದಿದ್ದರೆ ಅದು ಸಂಶೋಧನೆಯಲ್ಲ. ಆದರೆ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾಕ್ಕೆ ಹೋಗುತ್ತವೆ. ಅಲ್ಲಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮಾವ ಲೆಕ್ಕದ ಮೇಷ್ಟ್ರ ದನಿಯಲ್ಲಿ ಕೇಳಿದರು: "ಅಲ್ಲಪಾ, ಹತ್ತು ಮೀಟರಿನ ಲೆಕ್ಕಕ್ಕ ವಿಳಾಸ ಬರದು ಕಳ್ಳರಿಗೆ ನೀನ ಚೀಟಿ ಕೊಟ್ಟಂಗ ಆಗಲಿಲ್ಲೇನು?" ಜಿಯೋಕ್ಯಾಶಿಂಗ್‌ನಲ್ಲಿ ವಿಳಾಸ ಪ್ರಕಟಿಸುವುದೇ ಆಟದ ಆರಂಭ. ಡಬ್ಬಿ ಕಳೆದರೆ ಇನ್ನೊಂದು ಇಡಬಹುದು. ಗಡಿಕಲ್ಲು ಹಾಗಲ್ಲ.

ಬರೆಯದೆ ಬಿಟ್ಟರೂ ಉಳಿಯುವ ಭರವಸೆ ಇಲ್ಲ. ಇದನ್ನು ಮಾವ ಒಪ್ಪಲು ತಡಮಾಡಿದರು. ಮನೆಯ ಬುನಾದಿಗೆ ಹೋದ ಕಲ್ಲು, ಕುಷ್ಟಗಿ ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಗಳಂಥ ಕಡೆ ಪುಡಿಯಾಗಬಹುದಾದ ಬಂಡೆ, ಇವುಗಳ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಏಕೆಂದರೆ ಅಲ್ಲಿ ಏನಿತ್ತು ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ಸಿ.ಆರ್. ಕೃಷ್ಣಮಾಚಾರ್ಲು 1935ರಲ್ಲಿ ಕೊಪ್ಪಳದ ಕನ್ನಡ ಶಾಸನಗಳನ್ನು ಅಚ್ಚು ಹಾಕಿಸಿದ್ದರಿಂದ, ಆಮೇಲೆ ಕಲ್ಲು ಸವೆದರೂ ಪಾಠ ಉಳಿಯಿತು. ರಾಬರ್ಟ್ ಬ್ರೂಸ್ ಫೂಟ್ 1891ರಲ್ಲಿ, ಐವತ್ತೇಳನೇ ವಯಸ್ಸಿಗೆ, ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತನಾದ. ಬಳ್ಳಾರಿಯ ಗುಡ್ಡಗಳಿಂದ, ಇನ್ನೂ ಎಲ್ಲೆಲ್ಲಿಂದಲೋ ತಂದ ಕಲ್ಲಿನ ಆಯುಧಗಳಿಗೆ ಇಳಿವಯಸ್ಸಿನಲ್ಲಿ ಏರ್ಕಾಡಿನ ಮನೆಯಲ್ಲಿ ಕೂತು ಊರು, ಜಾಗ, ಸಂಖ್ಯೆ ಬರೆದು ಪಟ್ಟಿ ಮಾಡಿದ. 1904ರಲ್ಲಿ ಸಂಗ್ರಹ ಮದ್ರಾಸ್ ಮ್ಯೂಸಿಯಮ್ಮಿಗೆ ಹೋಯಿತು. ಪಟ್ಟಿ ಅಚ್ಚಾಗುವ ಮೊದಲೇ, 1912ರಲ್ಲಿ, ಅವನು ತೀರಿಕೊಂಡ. ಆ ಪಟ್ಟಿ ಇಲ್ಲದಿದ್ದರೆ ಮ್ಯೂಸಿಯಮ್ಮಿನಲ್ಲಿರುವುದು ಬರಿಯ ಕಲ್ಲು. ನಿವೃತ್ತರು ಇಂಥ ಕೆಲಸಕ್ಕೆ ಇಳಿಯುವುದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ 'ಹವ್ಯಾಸಿ' ಎಂದು ಸ್ವಲ್ಪ ಕೆಳದನಿಯಲ್ಲಿ ಹೇಳುತ್ತಾರೆ. ಶಿಷ್ಯವೇತನದ ಅವಧಿಯಲ್ಲಿ ನಾಲ್ಕು ಭಾನುವಾರವನ್ನು ಒಂದೇ ಕಲ್ಲಿಗೆ ಕೊಡುವುದು ನನ್ನಂಥವರಿಗೆ ಕಷ್ಟ. ಅವರಿಗೆ ಸಮಯವಿದೆ. ಊರೂರಲ್ಲಿ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪ್ರಬಂಧದಲ್ಲಿ ಊರಿನ ಹೆಸರು, ಕಲ್ಲಿನ ಅಳತೆ, ಶಿಲ್ಪದ ವಿವರ, ಸರ್ವೇ ಆಫ್ ಇಂಡಿಯಾದ 57ಎ ನಕ್ಷೆಯ ಉಲ್ಲೇಖ. ಅಕ್ಷಾಂಶ ರೇಖಾಂಶವನ್ನು ಪುರಾತತ್ವ ಇಲಾಖೆಗೆ ಬೇರೆ ಕಡತದಲ್ಲಿ ಕೊಡುವುದು. ಅದಕ್ಕಿಂತ ಮುಂಚೆ ಹೊಲದವರಿಗೆ, ಊರಿನವರಿಗೆ ಕಲ್ಲಿನ ಮುಂದೆಯೇ ಓದಿ ಹೇಳುವುದು. ಈ ಕೊನೆಯ ಷರತ್ತು ಮಾವನದು. ಅಡಿಯಲ್ಲಿ ಏನೂ ಇಲ್ಲ, ಇರುವುದೆಲ್ಲ ಮೇಲೆಯೇ ಇದೆ ಎಂದು ಊರಿಗೆ ತಿಳಿದರೆ ಅರ್ಧ ಕಾವಲು ಆದಂತೆ ಎಂಬುದು ಅವರ ವಾದ. ಅಗೆಯುವವರು ಹೊರಗಿನಿಂದಲೇ ಬರುತ್ತಾರೆ ಎಂದು ಅವರು ನಂಬಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಆದರೂ ತೂಬಿಗೆ ಆನಿಸಿದ್ದ ಕಲ್ಲನ್ನು ಆ ಹೊಲದ ಗೌಡರು ತಾವೇ ಎತ್ತಿಸಿ, ಬೇವಿನ ಮರದ ಬುಡದಲ್ಲಿ ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ಮೂಲದ ಜಾಗವಲ್ಲ ಎಂದು ನಾನು ಗೊಣಗಿದೆ. ತೂಬೂ ಮೂಲದ ಜಾಗವಲ್ಲ ಎಂದರು ಮಾವ.

ಅವರ ಹತ್ತಿರ ಈಗ ಇನ್ನೂರು ಪುಟದ ರೂಲು ನೋಟ್‌ಬುಕ್ ಇದೆ. ಸ್ಕೇಲಿಟ್ಟು ಎಳೆದ ಅಂಕಣಗಳು: ತಾರೀಖು, ಊರು, ಕಲ್ಲಿನ ಬಗೆ, ಎತ್ತರ, ಅಗಲ, ಯಾರ ಹೊಲ, ಯಾರಿಗೆ ಹೇಳಿದೆವು. ಅಕ್ಷಾಂಶ ರೇಖಾಂಶ ಬೇರೆ ಪುಸ್ತಕದಲ್ಲಿ, ಅದು ಅತ್ತೆಯ ಕಪಾಟಿನಲ್ಲಿದೆ. ಹೋದ ತಿಂಗಳು ಕನಕಗಿರಿ ಕಡೆ ನೋಡಿದ ಮಾಸ್ತಿಗಲ್ಲಿನ ಸಾಲಿನಲ್ಲಿ ಕೊನೆಯ ಅಂಕಣ ಇನ್ನೂ ತುಂಬಿಲ್ಲ. ಪೆನ್ಸಿಲಿನಲ್ಲಿ ಬರೆದಿದ್ದಾರೆ: ಹೊಲದವರು ದುಡಿಯಾಕ ಊರು ಬಿಟ್ಟಾರ, ಹಬ್ಬಕ್ಕ ಬರತಾರಂತ, ಆಗ ಹೋಗೂದು.