ಉಕ್ಕಿನ ಮೂಸೆಯಿಂದ ಇಂಗಾಲದ ನಾರಿಗೆ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ನೋಡಿದವರೆಲ್ಲ ಕೆತ್ತನೆಯನ್ನು ಹೊಗಳುತ್ತಾರೆ. 13ನೇ ಶತಮಾನದ ಆ ಶಿಲ್ಪಿಗಳ ಉಳಿಯ ಬಗ್ಗೆ ಕೇಳುವವರು ಕಡಿಮೆ. ನಮ್ಮ ನಾಡಿನ ಉಕ್ಕಿನ ಕಥೆ ಹೀಗೆಯೇ ಮರೆತುಹೋಯಿತು.

ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಪ್ರವಾಸ ಆರಂಭಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕುಲುಮೆಗಳ ವಿವರ ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯ ಉಕ್ಕುಗಾರರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಟ್ಟಿಗೆಯ ಚೂರು, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ, ತಿದಿ ಊದಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತಿತ್ತು. ಇಂಗ್ಲಿಷರು ಇದನ್ನು ‘ವೂಟ್ಸ್’ ಎಂದರು; ಅದು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದೇ ಹಲವರ ಅಭಿಪ್ರಾಯ. ಭಾರತದ ಉಕ್ಕಿನ ಬಗ್ಗೆ 9ನೇ ಶತಮಾನದಲ್ಲೇ ಅಲ್-ಕಿಂದಿ ತನ್ನ ಖಡ್ಗಗಳ ಗ್ರಂಥದಲ್ಲಿ ಬರೆದಿದ್ದ. ವಿದ್ಯುತ್ತಿನ ಫ್ಯಾರಡೆಯೂ 1820ರ ಹೊತ್ತಿಗೆ ಇದನ್ನು ಅನುಕರಿಸಲು ಪ್ರಯತ್ನಿಸಿದ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪೀಟರ್ ಪೌಫ್ಲರ್ ತಂಡ, ಅಸದುಲ್ಲಾ ಎಂಬ ಕಮ್ಮಾರ 17ನೇ ಶತಮಾನದಲ್ಲಿ ಮಾಡಿದ ಡಮಾಸ್ಕಸ್ ಖಡ್ಗವನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೋ ಕೊಳವೆಗಳಿವೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಕೆಲವು ಲೋಹತಜ್ಞರು ಸಂದೇಹಪಟ್ಟರು. ಆದರೂ ಅದಿರಿನಲ್ಲಿದ್ದ ಅಲ್ಪಸ್ವಲ್ಪ ಅನ್ಯ ಲೋಹಗಳು ಇಂಗಾಲವನ್ನು ಹೀಗೆ ಜೋಡಿಸಿರಬಹುದೆಂಬ ಅವರ ಊಹೆ ಕುತೂಹಲಕಾರಿ.

ಈಗ ಲೋಹ ಮತ್ತು ಇಂಗಾಲದ ಇನ್ನೊಂದು ಸ್ನೇಹವನ್ನು ನೋಡಿ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಮೈಯಲ್ಲಿ ಕಾರ್ಬನ್ ನಾರು ಧಾರಾಳವಾಗಿದೆ. ಅದು ಹಗುರ, ಗಟ್ಟಿ. ಒಂದು ತೊಂದರೆಯಿದೆ: ಶಾಖ ನಾರಿನ ಉದ್ದಕ್ಕೆ ಓಡುತ್ತದೆ, ಪಕ್ಕದ ನಾರಿಗೆ ದಾಟುವುದಿಲ್ಲ. ನಡುವೆ ಇರುವುದು ರಾಳ. ತಾಮ್ರದ ಉಷ್ಣವಾಹಕತೆ ಸುಮಾರು 400 ಇದ್ದರೆ ರಾಳದ್ದು 0.2 ಮಾತ್ರ. ಶಾಖ ಒಳಗೇ ಸಿಕ್ಕಿಬಿದ್ದರೆ ರಾಳ ಮೆತ್ತಗಾಗುತ್ತದೆ, ಮೈ ದುರ್ಬಲವಾಗುತ್ತದೆ. ಆದ್ದರಿಂದ ಸಂಶೋಧಕರು ಸುಮಾರು 7,000 ನ್ಯಾನೋಮೀಟರ್ ದಪ್ಪದ ನಾರಿನ ಮೇಲೆ ಹತ್ತಾರು ನ್ಯಾನೋಮೀಟರಿನ ಬೆಳ್ಳಿ, ತಾಮ್ರದ ಕಣಗಳನ್ನು ಅಂಟಿಸುತ್ತಾರೆ. ಹಳ್ಳ ದಾಟಲು ಇಟ್ಟ ಕಲ್ಲುಗಳಂತೆ ಅವು ಶಾಖಕ್ಕೆ ದಾರಿಯಾಗುತ್ತವೆ. ಆದರೆ ಇಂಗಾಲದಲ್ಲಿ ಶಾಖವನ್ನು ಹೊರುವುದು ಮುಖ್ಯವಾಗಿ ಪರಮಾಣುಗಳ ಕಂಪನ, ಲೋಹದಲ್ಲಿ ಎಲೆಕ್ಟ್ರಾನುಗಳು. ಬೆಸುಗೆ ಚೆನ್ನಾಗಿರದಿದ್ದರೆ ಕಣವೇ ಅಡ್ಡಗೋಡೆ. ಕಣ ಹೆಚ್ಚಾದರೆ ಭಾರವೂ ಹೆಚ್ಚು.

ಮಾಗಡಿಯ ಉಕ್ಕುಗಾರರಿಗೂ ಇಂಥದೇ ಅಳತೆಯ ಚಿಂತೆ: ಎಷ್ಟು ಕಟ್ಟಿಗೆ, ಎಷ್ಟು ಹೊತ್ತು ಬೆಂಕಿ. ಅವರು ಅದನ್ನು ಕೈಯಿಂದ ಕೈಗೆ ಕಲಿಸಿದರು, ತಾವಾಗಿ ಬರೆಯಲಿಲ್ಲ. ವಿದೇಶದ ಅಗ್ಗದ ಉಕ್ಕು ಬಂದ ಮೇಲೆ ಕುಲುಮೆಗಳು ಆರಿದವು. ಡ್ರೆಸ್ಡೆನ್‌ನವರು ಖಡ್ಗದ ಚೂರನ್ನು ಆಮ್ಲದಲ್ಲಿ ಕರಗಿಸಿ ಒಳಗೇನಿದೆ ಎಂದು ನೋಡಬೇಕಾಯಿತು.