ಕಾದಿ ಉಳಿದವನ ಪಾಲು

ಕುರುಡುಮಲೆಯ ಸೋಮೇಶ್ವರನ ಗುಡಿಯನ್ನು ನೋಡಹೋಗುವ ನಾವು ಕೋಲಾರದ ಸೀಮೆಯಲ್ಲಿ ಊರ ಹೊರಗೆ ಒರಗಿರುವ ವೀರಗಲ್ಲುಗಳನ್ನು ಕಂಡೂ ಕಾಣದಂತೆ ದಾಟಿಬಿಡುತ್ತೇವೆ. 1905ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಈ ಜಿಲ್ಲೆಯ ಶಾಸನಸಂಪುಟದಲ್ಲಿ ಅಂಥವು ಹಲವಿವೆ. ತುರುಗಾಳಗದಲ್ಲಿ ಮಡಿದವನಿಗಾಗಿ ಬಿಟ್ಟ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂದು ಹೆಸರು. ಬೆಂಗಳೂರಿನ ಸಮೀಪದ ಬೇಗೂರಿನ ಕಲ್ಲು ಕ್ರಿ. ಶ. 900ರ ಆಸುಪಾಸಿನದು: ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಸಾಯಲು, ಗಂಗರ ಎರೆಯಪ್ಪನು ಆ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು.

ಸತ್ತವನಿಗಾಯಿತು. ಕೈ ಕಳೆದುಕೊಂಡು, ನೇಗಿಲ ಮೇಳಿಯನ್ನು ಹಿಡಿಯಲಾರದೆ ಮರಳಿದವನ ಪಾಡೇನು? ಬದುಕಿದವನಿಗೆ ಯಾರೂ ವೀರಗಲ್ಲು ನಡೆಸುವುದಿಲ್ಲವಷ್ಟೆ.

ಈ ಪ್ರಶ್ನೆ ಹಳೆಯದಾದರೂ ತೀರಿದುದಲ್ಲ. ಸ್ವತಂತ್ರ ಭಾರತದ ಸೇನೆಯಲ್ಲಿ ಅಂಗವೈಕಲ್ಯದ ವೇತನವುಂಟು. ಆದರೆ ಊನವು ಸೇವೆಯಿಂದಲೇ ಉಂಟಾದುದು ಅಥವಾ ಉಲ್ಬಣಿಸಿದುದು ಎಂದು ತೀರ್ಮಾನವಾಗಬೇಕು. ಹಾಗಾಗದವನು ಹತ್ತು ವರ್ಷ ಸೇವೆ ಮಾಡಿರದಿದ್ದರೆ ಅವನಿಗೆ ಒಂದೇ ಸಲದ ಇಡಿಗಂಟು ಮಾತ್ರ ಸಿಗುತ್ತಿತ್ತು, ಮಾಸಾಶನವಿರಲಿಲ್ಲ. 2020ರ ಜುಲೈ ತಿಂಗಳಲ್ಲಿ ಸರ್ಕಾರವು ಈ ಮಿತಿಯನ್ನು ಸಡಿಲಿಸಿತು. ಸೇನೆಗೂ ಹೊರಗಿನ ಉದ್ಯೋಗಕ್ಕೂ ಶಾಶ್ವತವಾಗಿ ಅಸಮರ್ಥನಾದವನಿಗೆ ಮಾಸಾಶನ ದೊರೆಯಿತು. ಆದರೆ ಅವನು 2019ರ ಜನವರಿ 4ರಂದಾಗಲಿ ಆಮೇಲಾಗಲಿ ಸೇವೆಯಲ್ಲಿದ್ದಿರಬೇಕೆಂದು ಆದೇಶ ಗೆರೆಯೆಳೆಯಿತು. ಜನವರಿ 3ರಂದೇ ಮನೆ ಸೇರಿದ್ದವನು ಗೆರೆಯ ಆಚೆಗೆ ಉಳಿದನು.